ಪರೀಕ್ಷೆಗೆ ಬಿಟ್ಟುಕೊಟ್ಟ ಶ್ವಾಸಕೋಶ

ನಿಮ್ಮ ದೊಡ್ಡಕ್ಕ ಫಿಸಿಯೋಥೆರಪಿ ಓದುತ್ತಿರುವುದು ಮಂಗಳೂರಿನಲ್ಲಿ ಎಂದು ನೀವೆಲ್ಲ ತಿಳಿದುಕೊಂಡಿದ್ದೀರಿ. ಕಾಲೇಜು ಅಲ್ಲಿರುವುದು ನಿಜ. ಆದರೆ ಎದೆಗೂಡಿನ ಪಾಠವನ್ನು ಮಾತ್ರ ಅವಳು ಓದಿದ್ದು ನಮ್ಮ ಕಾಫಿ ಕಣದಲ್ಲಿ. ಒಣಗಲು ಹರಡಿದ ಹಣ್ಣಿನ ಪಕ್ಕ ಒಂದು ಮೊಬೈಲು, ಅದರೊಳಗೆ ಒಬ್ಬ ತಮಾಷೆಯ ಮಾಷ್ಟ್ರು, ಎದುರಿಗೆ ಏಳನೇ ತರಗತಿಗೆ ಶಾಲೆ ಬಿಟ್ಟ ನಿಮ್ಮ ಅಜ್ಜಿ, ನಾನು. ಈ ಕಥೆಯನ್ನು ಅವಳು ನಿಮಗೆ ಹೇಳುವಾಗ ತನ್ನ ಭಾಗವನ್ನು ನುಂಗಿ, ನನ್ನ ಭಾಗಕ್ಕೆ ಉಪ್ಪು ಖಾರ ಹಾಕುತ್ತಾಳೆ. ಅದಕ್ಕೆ ನಾನೇ ಬರೆದಿಡುತ್ತಿದ್ದೇನೆ.

ಮೊದಲ ವರ್ಷದ ಅನಾಟಮಿ ಬಾಯಿಪರೀಕ್ಷೆಯಲ್ಲಿ ಅವಳು ಫೇಲಾದಳು. ಬರೆಯುವ ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕು ಬಂದಿತ್ತು. ಆದರೆ ಪರೀಕ್ಷೆ ಮಾಡುವವರು ಎದುರಿಗೆ ಕುಳಿತು ಒಂದು ಎಲುಬು ಕೈಗೆ ಕೊಟ್ಟು, 'ಇದೇನು?' ಎಂದು ಕೇಳಿದಾಗ ನಿಮ್ಮ ಅಕ್ಕ ಆ ಎಲುಬಿಗಿಂತ ಹೆಚ್ಚು ಮೌನವಾಗಿದ್ದಳಂತೆ. ಸುದ್ದಿ ಕೇಳಿ ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನಿಮ್ಮ ದೊಡ್ಡಪ್ಪ ಬಾಯಿಬಿಟ್ಟು ಹೇಳಿಯೇ ಬಿಟ್ಟ: "ಇದ್ ಅಜ್ಜಿದೇ ಬಂದುಟ್ಟು."

ಬಾಯಿ ಕಟ್ಟುವ ಗುಣ ಅವಳಿಗೆ ನನ್ನಿಂದಲೇ ಬಂದದ್ದು ಎಂದು ಅವನ ಅರ್ಥ. ಅಲ್ಲ ಎನ್ನಲು ನನಗೂ ಬಾಯಿ ಬರುವುದಿಲ್ಲವಲ್ಲ! ಮದುವೆಯಾಗಿ ಬಂದ ಹೊಸತರಲ್ಲಿ ಕಾಫಿಗೆ ಸಕ್ಕರೆ ಬೇಕೋ ಎಂದು ಯಾರೋ ಕೇಳಿದಾಗ ಹೂಂ ಎನ್ನಲಾರದೆ, ಎಷ್ಟೋ ಕಾಲ ಸಕ್ಕರೆ ಇಲ್ಲದ ಕಾಫಿ ಕುಡಿದವಳು ನಾನು.

ಮರುಪರೀಕ್ಷೆಗೆ ಇನ್ನೊಂದು ಅವಕಾಶವಿತ್ತು. ಅದರಲ್ಲೂ ಫೇಲಾದರೆ ಜೊತೆಯವರೆಲ್ಲ ಎರಡನೇ ವರ್ಷಕ್ಕೆ ಹೋಗುತ್ತಾರೆ, ಇವಳು ಹಿಂದೆ ಉಳಿಯುತ್ತಾಳೆ. ಹಾಗೇನಾದರೂ ಆದರೆ ಓದನ್ನೇ ಬಿಟ್ಟುಬಿಡುತ್ತೇನೆ ಎಂದು ಪೆಟ್ಟಿಗೆಯ ಜೊತೆ ಮನೆಗೆ ಬಂದು ಕುಳಿತಳು. ಅವಳು ಸುಮ್ಮನೆ ಹೇಳುವ ಹುಡುಗಿಯಲ್ಲ. ಕಡಿಮೆ ಮಾತಾಡುವವರು ಒಂದು ಮಾತು ಆಡಿದರೆ ಅದನ್ನು ಮಾಡಿಯೇ ತೀರುತ್ತಾರೆ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಗಾಳಿಬೀಡಿನ ನಮ್ಮ ಮನೆಯೊಳಗೆ ನೆಟ್‌ವರ್ಕ್ ಬರುವುದಿಲ್ಲ. ಕಣದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಅವಳು ಅಲ್ಲಿ ಗೋಣಿಚೀಲ ಹಾಸಿ ಕೂತು, ಮೊಬೈಲನ್ನು ಒಂದು ಕಲ್ಲಿಗೆ ಒರಗಿಸಿ ಪಾಠ ಕೇಳುತ್ತಿದ್ದಳು. ನಾನು ಹಣ್ಣು ಕೆದಕುತ್ತಿದ್ದೆ. ಕಿವಿಗೆ ಬೀಳುವುದನ್ನು ಬೇಡ ಎನ್ನಲಾಗುತ್ತದೆಯೇ?

ಪಾಠ ಮಾಡುತ್ತಿದ್ದವನು ಒಬ್ಬ ಗುಂಡು ಮುಖದ ಡಾಕ್ಟರು. ಅವನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ. ಅದಕ್ಕೊಂದು ಮಂಕಿಕ್ಯಾಪ್. "ನಮ್ಮ ಹುಡುಗನಿಗೆ ಚಳಿ ಜಾಸ್ತಿ, ಮೈಮೇಲೆ ಮಾಂಸ ಇಲ್ಲ ನೋಡಿ," ಎನ್ನುತ್ತಿದ್ದ. ಪಕ್ಕೆಲುಬುಗಳ ಪಾಠ ನನಗೆ ಈಗಲೂ ಬಾಯಿಪಾಠ ಇದೆ.

"ಇದೊಂದು ಬಸ್ಸು ಅಂದ್ಕೊಳ್ರಪ್ಪಾ. ಮೊದಲಿನ ಏಳು ಜೊತೆ ಮರ್ಯಾದಸ್ಥರು. ಸ್ವಂತ ಟಿಕೆಟ್ ತಗೊಂಡು ನೇರ ಎದೆಮೂಳೆಗೆ ಹೋಗಿ ಸೇರ್ತಾರೆ. ಎಂಟು, ಒಂಬತ್ತು, ಹತ್ತು, ಇವರು ಟಿಕೆಟ್ ಕೇಳಿದ್ರೆ ಏಳನೆಯವನನ್ನ ತೋರಿಸ್ತಾರೆ, 'ಅಣ್ಣ ಕೊಡ್ತಾನೆ ಸಾರ್' ಅಂತ. ಹನ್ನೊಂದು, ಹನ್ನೆರಡು ಬಾಗಿಲಲ್ಲಿ ನೇತಾಡೋ ಪೈಕಿ. ಮುಂದುಗಡೆ ಹಿಡ್ಕೊಳ್ಳೋಕೆ ಏನೂ ಇಲ್ಲ."

ನಾನು ನಗು ತಡೆಯಲಾರದೆ ಕೆದಕುವ ಹಲಗೆಯನ್ನು ಕೈಬಿಟ್ಟೆ. ಅವಳು ತಿರುಗಿ ನೋಡಿದಳು.

"ಅಜ್ಜೀ, ನಿಂಗೆ ಅರ್ಥ ಆತಾ?"

"ಇಲ್ಲೆಪ್ಪಾ," ಎಂದೆ.

"ಹಂಗಾರೆ ನೆಗಾಡ್ದು ಎಂತಕೆ?"

"ಬಸ್ಸಿಗೆ."

"ಎಂಟನೆಯವನ ಟಿಕೆಟ್ ಯಾರ್ ಕೊಡ್ದು?"

"ಏಳನೆಯವ," ಎಂದು ಹಣ್ಣಿಗೆ ಹೇಳಿದೆ. ಅವಳ ಮುಖ ನೋಡಿ ಹೇಳಲು ನಾಚಿಕೆ.

ಅವತ್ತಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಪರೀಕ್ಷೆ ಮಾಡತೊಡಗಿದೆವು. ಅದು ನೋಡುವ ಹಾಗಿತ್ತು. ಪ್ರಶ್ನೆ ಕೇಳುವ ನಾನು ಕಾಫಿಹಣ್ಣಿನ ಕಡೆ ಮುಖ ಮಾಡಿ ಕೇಳುತ್ತಿದ್ದೆ. ಉತ್ತರ ಕೊಡುವ ಅವಳು ಬೇಲಿಯ ಕಡೆ ಮುಖ ಮಾಡಿ ಕೊಡುತ್ತಿದ್ದಳು. ದಾರಿಯಲ್ಲಿ ಹೋಗುವವರು ಅಜ್ಜಿ ಮೊಮ್ಮಗಳಿಗೆ ಜಗಳ ಎಂದುಕೊಂಡರಂತೆ. ಬೇಲಿಗೆ ಅವಳು ಎಲ್ಲವನ್ನೂ ಸರಿಯಾಗಿ ಹೇಳುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಪರೀಕ್ಷೆಯವರ ಹಾಗೆ ಅವಳ ಕಡೆ ತಿರುಗಿದ ಕೂಡಲೇ ಮುಗಿಯಿತು, ಮಾತು ನಿಂತುಹೋಗುತ್ತಿತ್ತು.

ಆಮೇಲೆ ಬಂತು ಮೈಮೇಲೆ ಗುರುತು ಹಾಕುವ ಪಾಠ. ಎದೆಯ ಒಳಗೆ ಯಾವುದು ಎಲ್ಲಿದೆ ಎಂದು ಹೊರಗಿನಿಂದಲೇ ಬೆರಳಿಟ್ಟು ತೋರಿಸಬೇಕು. ಮಾಷ್ಟ್ರು ಅದನ್ನೂ ರಸ್ತೆಗೇ ತಂದಿದ್ದ. ಗಂಟಲ ಕುಳಿಯಿಂದ ಬೆರಳನ್ನು ನಿಧಾನಕ್ಕೆ ಇಳಿಸಿದರೆ ಎದೆಮೂಳೆಯ ಮೇಲೆ ಒಂದು ಹಂಪ್ ಸಿಗುತ್ತದೆ. ಅಲ್ಲಿ ಗಾಡಿ ನಿಲ್ಲಿಸಿ ಪಕ್ಕಕ್ಕೆ ಸರಿದರೆ ಅದೇ ಎರಡನೇ ಪಕ್ಕೆಲುಬು. ಮೊದಲನೆಯದು ಕೊರಳೆಲುಬಿನ ಅಡಿಯಲ್ಲಿ ಅಡಗಿರುವುದರಿಂದ ಲೆಕ್ಕವನ್ನು ಎರಡರಿಂದಲೇ ಶುರುಮಾಡಬೇಕು. ಕಲಿಯುವುದಕ್ಕೆ ಒಂದು ಮೈ ಬೇಕಿತ್ತು. ಮನೆಯಲ್ಲಿ ಕೆಲಸವಿಲ್ಲದ ಮೈ ನನ್ನದೊಂದೇ.

"ಅಜ್ಜೀ, ಸ್ವೆಟರ್ ತೆಗಿ."

"ಚಳಿ."

"ಈ ಬಿಸಿಲಿಗಾ?"

"ನಂಗೆ ಚಳಿ ಉಟ್ಟು."

ಅವಳು ಶಾಲು, ಸ್ವೆಟರಿನ ಮೇಲಿಂದಲೇ ಎಣಿಸಿದಳು. ನನಗೆ ಐದೇ ಪಕ್ಕೆಲುಬು ಎಂದಾಯಿತು. ಶಾಲು ತೆಗೆದ ಮೇಲೆ ಏಳಾಯಿತು. ಕೊನೆಗೆ ಒಳಕೋಣೆಗೆ ಹೋಗಿ, ಚಿಲಕ ಹಾಕಿ, ಕಿಟಕಿಗೆ ಬಟ್ಟೆ ಕಟ್ಟಿ, ಸ್ವೆಟರು ತೆಗೆದು ಮಂಚದ ಮೇಲೆ ಮಲಗಿದೆ. ಕಣ್ಣು ಮುಚ್ಚಿಕೊಂಡೆ. ನನ್ನ ಕಣ್ಣು ಮುಚ್ಚಿದರೆ ಅವಳಿಗೆ ಕಾಣುವುದಿಲ್ಲ ಎಂಬ ಹಾಗೆ! ಪೆನ್ನಿನ ಗುರುತು ಹೋಗುವುದಿಲ್ಲವೆಂದು ಅವಳು ಸ್ಟಿಕ್ಕರ್ ಬೊಟ್ಟು ಹಚ್ಚಿದಳು. ಹಂಪಿನ ಮೇಲೊಂದು ಕೆಂಪು, ಹೃದಯದ ತುದಿಗೊಂದು ಹಸಿರು, ಶ್ವಾಸಕೋಶದ ತುದಿಗೆ ಕೊರಳೆಲುಬಿನ ಮೇಲುಗಡೆ ಒಂದು ಮೆರೂನ್. ಶ್ವಾಸಕೋಶ ಕುತ್ತಿಗೆಯವರೆಗೆ ತಲೆ ಎತ್ತಿ ಇಣುಕುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ. ಮುದುಡಿಕೊಂಡು ಬದುಕಿದ ನನ್ನೊಳಗೂ ಹಾಗೆ ಇಣುಕುವುದೊಂದು ಇತ್ತು ಎಂದು ಕೇಳಿ ನನಗೆ ಒಂಥರಾ ಹೆಮ್ಮೆಯಾಯಿತು.

ಅಷ್ಟು ಹೊತ್ತಿಗೆ ಅಂಗಳದಲ್ಲಿ ಪಕ್ಕದ ಮನೆಯ ಮೈದುನನ ದನಿ ಕೇಳಿತು. ಸ್ವಂತ ಮೈದುನನಲ್ಲ. ನಿಮ್ಮ ಅಜ್ಜನ ದಾಯಾದಿಗಳ ಪೈಕಿ, ಹಂದಿ ಕುಯ್ಯುವುದರಲ್ಲಿ ಕೈ ಪಳಗಿದವ, ಬಾಯಿ ಅದಕ್ಕಿಂತ ಹೆಚ್ಚು ಪಳಗಿದವ. ನಾನು ಗಡಿಬಿಡಿಯಲ್ಲಿ ಸ್ವೆಟರು ಏರಿಸಿ ಹೊರಗೆ ಹೋದೆ. ಭಾನುವಾರ ಹಂದಿ ಪಾಲು ಹಾಕುತ್ತಾರೆ, ನಮಗೆ ಪಾಲು ಬೇಕೋ ಎಂದು ಕೇಳಲು ಬಂದಿದ್ದ. ಕೇಳಬೇಕಾದದ್ದನ್ನು ಬಿಟ್ಟು ನನ್ನ ಕುತ್ತಿಗೆಯನ್ನೇ ನೋಡಿದ.

"ಅತ್ತಿಗೆ, ಬೊಟ್ಟು ಜಾರಿ ಕೆಳಗೆ ಬಂದುಟ್ಟಲ್ಲಾ!"

ನಿಮ್ಮ ಅಜ್ಜ ಹೋದ ಮೇಲೆ ನಾನು ಬೊಟ್ಟು ಮುಟ್ಟಿರಲಿಲ್ಲ. ನೆಲ ಬಾಯಿಬಿಡಬಾರದೇ ಎನಿಸಿತು. ಒಳಗಿನಿಂದ ನಿಮ್ಮ ಅಕ್ಕ ಹೇಳಿದಳು, "ಅದ್ ಬೊಟ್ಟಲ್ಲ ಅಜ್ಜ, ಶ್ವಾಸಕೋಶ." ಬಾಗಿಲ ಹಿಂದೆ ನಿಂತು ಹೇಳಿದ್ದಳು, ಎದುರಿಗೆ ಬಂದಲ್ಲ. ಆದರೂ ಹೇಳಿದಳಲ್ಲ ಎಂದು ನನಗೆ ಆಶ್ಚರ್ಯವಾಯಿತು. ಆ ಧೈರ್ಯದಲ್ಲಿ ನಾನೂ ಒಂದು ಮಾತು ಕೇಳಿಬಿಟ್ಟೆ. ಮಗುವಿನ ಪರೀಕ್ಷೆಗೆ ಹಂದಿಯ ಶ್ವಾಸಕೋಶ, ಗುಂಡಿಗೆ, ಗಾಳಿಕೊಳವೆ, ಎಲ್ಲವೂ ಕತ್ತರಿಸದೆ ಒಟ್ಟಾಗಿ ಸಿಗುತ್ತದೆಯೇ?

ಅವನು ತಲೆ ಕೆರೆದುಕೊಂಡ. ಪಾಲು ಎಂದರೆ ನಿಮಗೆ ಗೊತ್ತು, ಕೆಲವು ಮನೆಯವರು ಸೇರಿ ಒಂದು ಹಂದಿ ಕುಯ್ದು ಸಮನಾಗಿ ಹಂಚಿಕೊಳ್ಳುವುದು. ಒಬ್ಬರಿಗೆ ಒಳ್ಳೆಯ ಮಾಂಸ, ಒಬ್ಬರಿಗೆ ಮೂಳೆ ಎಂದಾಗಬಾರದು. ಪ್ರತಿ ಗುಡ್ಡೆಯಲ್ಲೂ ಎಲ್ಲದರದ್ದೂ ಒಂದೊಂದು ತುಂಡು ಇರಬೇಕು, ಲಿವರಿನಿಂದ ಹಿಡಿದು ಕಿವಿಯವರೆಗೆ.

"ಪಾಲ್ಲಿ ಎಲ್ಲದೂ ಎಲ್ಲವ್ಕೂ ಬರೊಕು ಅತ್ತಿಗೆ. ನಾ ಒಬ್ಬನೇ ಹೇಳಿಕೆ ಆದುಲೆ. ಎಲ್ಲವ್ರನ್ನೂ ಕೇಳೊಕು."

ಕೇಳಿದ! ಪಾಲುದಾರರ ಮನೆಮನೆಗೆ ಹೋಗಿ, ನಮ್ಮ ಹುಡುಗಿ ಫೇಲಾಗಿದ್ದಾಳೆ, ಪಾಸಾಗಬೇಕಾದರೆ ನಿಮ್ಮ ಪಾಲಿನ ಶ್ವಾಸಕೋಶ ಬಿಟ್ಟುಕೊಡಬೇಕು ಎಂದು ಕೇಳಿದ. ಯಾರಿಗೂ ತಿಳಿಯಬಾರದೆಂದು ಕಣದ ಮೂಲೆಯಲ್ಲಿ ಕುಳಿತು ಓದುತ್ತಿದ್ದವಳ ಫೇಲು ಹೀಗೆ ಊರಿಗೆಲ್ಲ ಗೊತ್ತಾಯಿತು. ಅವಳು ಎರಡು ಹೊತ್ತು ನನ್ನ ಜೊತೆ ಮಾತು ಬಿಟ್ಟಳು. ಮೊದಲೇ ಕಡಿಮೆ ಮಾತಿನವಳಾದ್ದರಿಂದ ನನಗೆ ಗೊತ್ತಾದದ್ದು ತಡವಾಗಿ.

ಭಾನುವಾರ ಮೈದುನ ಅದನ್ನು ಬಾಳೆಎಲೆಯಲ್ಲಿ ಸುತ್ತಿ ತಂದ. ಕಣದ ಕಟ್ಟೆಯ ಮೇಲೆ ಬಿಡಿಸಿದೆವು. ನಾನು ಹಿತ್ತಿಲಿನಿಂದ ಪಪ್ಪಾಯಿ ಎಲೆಯ ದಂಟು ಕತ್ತರಿಸಿ ತಂದು, ಗಾಳಿಕೊಳವೆಗೆ ಸಿಕ್ಕಿಸಿ ಕಟ್ಟಿ, ಊದಿದೆ. ಮುದುಡಿ ಬಿದ್ದಿದ್ದದ್ದು ತೆಳುಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬಿತು. ನಿಮ್ಮ ಅಕ್ಕ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಆಮೇಲೆ ಎಣಿಸಿದಳು. ಎಡದ ಶ್ವಾಸಕೋಶ ಹೃದಯಕ್ಕೆ ಸೀಟು ಬಿಟ್ಟುಕೊಟ್ಟದ್ದರಿಂದ ಅದರಲ್ಲಿ ಎರಡೇ ಭಾಗ, ಬಲದ್ದರಲ್ಲಿ ಮೂರು ಎಂದು ಮಾಷ್ಟ್ರು ಹೇಳಿದ್ದ. ನಮ್ಮದರಲ್ಲಿ ಬಲಗಡೆ ಮೂರು ಸಿಕ್ಕಿತು. ಅದರ ಅಡಿಯಲ್ಲಿ ಇನ್ನೊಂದು ಸಣ್ಣದು ಅಡಗಿ ಕುಳಿತಿತ್ತು.

"ನಾಲ್ಕು," ಎಂದೆ. "ಮಾಷ್ಟ್ರ ಲೆಕ್ಕ ತಪ್ಪಿಟು."

"ಇದ್ ಹಂದಿದ್ ಅಜ್ಜೀ. ಮನುಷ್ಯರ್ದ್ ಮೂರೇ."

ಮೈದುನ ಸುಮ್ಮನಿರುತ್ತಾನೆಯೇ? "ಅವ ಪ್ಲಾಸ್ಟಿಕ್ ನೋಡಿ ಹೇಳ್ದು. ನಾವು ಕಣ್ಣಲ್ಲಿ ನೋಡ್ದು. ನಾಲ್ಕೇ!" ಎಂದ. ನಾನೂ ಅವನ ಪಕ್ಷ ವಹಿಸಿದೆ. ಅವಳು ಮೊಬೈಲಿನ ಚಿತ್ರ ತೋರಿಸಿದಳು, ನಾವು ಕಟ್ಟೆಯ ಮೇಲಿದ್ದದ್ದನ್ನು ತೋರಿಸಿದೆವು. ಕೊನೆಗೆ ಅದನ್ನು ನಾಯಿಗೆ ಬೇಯಿಸಿ ಹಾಕಿದೆವು. ಅದು ಎಣಿಸದೆ ತಿಂದಿತು.

ಪರೀಕ್ಷೆಯ ಹಿಂದಿನ ದಿನ ಅವಳು ಮಂಗಳೂರಿಗೆ ಹೊರಡುವಾಗ ದಾರಿಯ ಮನೆಗಳವರೆಲ್ಲ ಗೇಟಿಗೆ ಬಂದು ನಿಂತಿದ್ದರು. ಶ್ವಾಸಕೋಶ ಬಿಟ್ಟುಕೊಟ್ಟವರಿಗೆ ಅಷ್ಟು ಹಕ್ಕಾದರೂ ಇರಬೇಡವೇ? ಒಬ್ಬಾಕೆ, "ನಮ್ಮ ಪಾಲಿನ ಮರ್ಯಾದೆ ಉಳ್ಸ್ ಮಗಾ," ಎಂದಳಂತೆ. ನನ್ನ ಮೊಮ್ಮಗಳು ತಲೆ ತಗ್ಗಿಸಿ ಬಸ್ಸು ಹತ್ತಿದಳು. ನನಗೆ ಅನ್ನ ಸೇರಲಿಲ್ಲ. ಈ ಪರೀಕ್ಷೆಯೂ ಹೋಯಿತು, ಊರಿನವರ ಭಾರವನ್ನೂ ಅವಳ ತಲೆಗೆ ಹಾಕಿ ಕಳಿಸಿದೆ ಎಂದು ಕೊರಗುತ್ತಾ ಕಣದಲ್ಲಿ ಒಣಗಿದ ಹಣ್ಣನ್ನೇ ಮತ್ತೆ ಮತ್ತೆ ಕೆದಕಿದೆ.

ಅಲ್ಲಿ ಏನು ನಡೆಯಿತು ಎಂಬುದನ್ನು ಅವಳು ಆಮೇಲೆ ನನಗೆ ಹೇಳಿದ್ದು, ಆಗಲೂ ಬೇಲಿಯ ಕಡೆ ಮುಖ ಮಾಡಿ.

ಪರೀಕ್ಷೆ ಮಾಡಲು ಕುಳಿತಿದ್ದವರು ಕನ್ನಡಕದ ಒಬ್ಬ ಮೇಡಂ. ನಗುವ ಪೈಕಿ ಅಲ್ಲವಂತೆ. ನಿಮ್ಮ ಅಕ್ಕನ ಕೈಗೆ ಒಂದು ಬಲ ಶ್ವಾಸಕೋಶ ಕೊಟ್ಟು, ಇದರಲ್ಲಿ ಎಷ್ಟು ಭಾಗ ಎಂದು ಕೇಳಿದರು. ಏನಾದರೂ ಹೇಳಲೇಬೇಕು ಎಂದು ಬಾಯಿ ತೆರೆದರೆ ಹೊರಬಿದ್ದದ್ದು, "ನಾಲ್ಕು."

"ಕೈಯಲ್ಲೇ ಇದೆಯಲ್ಲಮ್ಮ, ಎಣಿಸು."

ಎಣಿಸಿದಳು. "ಮೂರು."

"ಮತ್ತೆ ನಾಲ್ಕು ಯಾರದ್ದು?"

"ಹಂದೀದು ಮೇಡಂ."

ಕೋಣೆಯಲ್ಲಿದ್ದವರೆಲ್ಲ ನಕ್ಕರಂತೆ. ಮೇಡಂ ಮಾತ್ರ ನಗಲಿಲ್ಲ. ನಿಮ್ಮ ಅಕ್ಕನಿಗೆ ಆ ಕ್ಷಣದಲ್ಲಿ, ಎಲ್ಲ ಮುಗಿಯಿತು, ಇನ್ನು ಇದಕ್ಕಿಂತ ಹೆಚ್ಚು ನಾಚಿಕೆ ಪಡಲು ಏನೂ ಬಾಕಿ ಉಳಿದಿಲ್ಲ ಎನಿಸಿತಂತೆ. ಫೇಲು ಎಂದು ಖಾತ್ರಿಯಾದ ಮೇಲೆ ಹೆದರುವುದು ಯಾಕೆ? ಮುಂದಿನ ಪ್ರಶ್ನೆ ಬಂತು, ಹೇಳಿದಳು. ಅದರ ಮುಂದಿನದನ್ನೂ ಹೇಳಿದಳು. ಹೃದಯದ ತುದಿ ಎಲ್ಲಿ ಎಂದಾಗ, ಗುರುತು ತೋರಿಸಲು ಕುಳ್ಳಿರಿಸಿದ್ದ ವ್ಯಕ್ತಿಯ ಎದೆಯ ಮೇಲೆ ಹಂಪಿನಿಂದ ಲೆಕ್ಕ ಹಿಡಿದು, ಒಂದೊಂದೇ ಪಕ್ಕೆಲುಬು ಇಳಿದು ತೋರಿಸಿದಳು. ಆತ ಸ್ವೆಟರು ಹಾಕಿರಲಿಲ್ಲವಾದ್ದರಿಂದ ತುಂಬಾ ಸುಲಭವಾಯಿತಂತೆ. ಮಾತಾಡುತ್ತಾ ಮಾತಾಡುತ್ತಾ ಅವಳೇ ಕೇಳಿಬಿಟ್ಟಳು: "ಮೇಡಂ, ಹಂದಿಗೆ ಆ ನಾಲ್ಕನೆಯದು ಯಾಕಿದೆ?" ಮೇಡಂ ಕನ್ನಡಕ ತೆಗೆದು ಒರೆಸಿ, "ಪರೀಕ್ಷೆ ಮಾಡುತ್ತಿರುವುದು ನಾನು," ಎಂದರಂತೆ.

ಮನೆಗೆ ಬಂದವಳು ಫೇಲೇ ಎಂದುಕೊಂಡು ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲಿಟ್ಟಳು. ನಾನು ಸಮಾಧಾನ ಹೇಳಬೇಕಿತ್ತು. ಪಕ್ಕದಲ್ಲಿ ಕುಳಿತು ಹಲಸಿನ ಹಪ್ಪಳ ಸುಟ್ಟು ಕೊಟ್ಟೆ. ನನಗೆ ಬರುವುದು ಅಷ್ಟೇ.

ಫಲಿತಾಂಶ ಬಂದ ದಿನ ಅವಳು ಮಡಿಕೇರಿಗೆ ಹೋಗಿದ್ದಳು. ಅಲ್ಲಿಂದ ಫೋನು ಮಾಡಿದಳು. ನೆಟ್‌ವರ್ಕ್ ಸಿಗಲೆಂದು ಕಣದ ಮೂಲೆಯ ಕಲ್ಲಿಗೆ ಒರಗಿಸಿಟ್ಟಿದ್ದ ಮನೆಯ ಫೋನನ್ನು ನಾನು ಓಡಿ ಹೋಗಿ ಕಿವಿಗಿಟ್ಟುಕೊಂಡೆ.

"ಅಜ್ಜೀ. ಪಾಸ್."

ನನಗೆ ಮಾತು ಬರಲಿಲ್ಲ. ಆ ಕಡೆ ಅವಳಿಗೂ ಬರಲಿಲ್ಲ. ಅವಳ ಉಸಿರು ನನಗೆ ಕೇಳುತ್ತಿತ್ತು, ನನ್ನದು ಅವಳಿಗೆ ಕೇಳಿಸಿರಬೇಕು. ಹಾಗೇ ನಿಂತೆವು. ಹಿಂದಿನಿಂದ ಬಂದ ನಿಮ್ಮ ದೊಡ್ಡಮ್ಮ ಸ್ವಲ್ಪ ಹೊತ್ತು ನನ್ನನ್ನು ನೋಡಿ, ಸೊಂಟಕ್ಕೆ ಕೈಯಿಟ್ಟು ಹೇಳಿದಳು:

"ಇಬ್ಬರಲ್ಲಿ ಒಬ್ಬರಾರೂ ಮಾತಾಡಿ ಅತ್ತೇ! ಪಾಸಾ, ಫೇಲಾ? ಗೇಟಲ್ಲಿ ಪಾಲ್‌ನವು ಎಲ್ಲಾ ಬಂದ್ ನಿಂತೊಳೊ."