ಹಣೆಗೆ ವಿಭೂತಿ ಬಿದ್ದ ಹಂದಿ

ಖಂಡೇನವಮಿ ದಿನವೇ ಒಂದು ಹೊಲದ ಮನೆಯಿಂದ ಪಂಪು ಕೆಟ್ಟಿದೆಯೆಂದು ಫೋನು ಬಂತು. ಮಚ್ಛೆಯ ನನ್ನ ವರ್ಕ್‌ಶಾಪಿನ ಆಯುಧಪೂಜೆ ಮುಗಿಸಿ ಖಾನಾಪುರದ ಹತ್ತಿರದ ಆ ಹೊಲದ ಮನೆಗೆ ಹೋದೆ. ದೇವರ ಜಗಲಿಯಲ್ಲಿ ಕುಡುಗೋಲು, ಸಲಿಕೆಗಳ ನಡುವೆ ಒಂದು ಪುಟ್ಟ ರಿವಾಲ್ವರ್ ಕಂಡು ಬೆಚ್ಚಿದೆ. ಮದ್ದು ತುಂಬಿ, ಕೇಪು ಸಿಕ್ಕಿಸಿ ಹೊಡೆಯುವ ಹಳೇ ಕಾಲದ್ದು.

“ಅಂಜಬ್ಯಾಡ್ರಿ, ತುಕ್ಕು ಹಿಡದು ಕುಂತೈತಿ,” ಎಂದರು ಮನೆಯ ಅಜ್ಜ. “ನಮ್ಮಪ್ಪ ಕಾಡಹಂದಿ ಕಾಟಕ್ಕ ಭತ್ತ ಕಾಯಾಕ ಇಟ್ಟಿದ್ದ. ಜೀವ ತಗಿಯೂದು ಬ್ಯಾಡಂತ ಸೀಸದ ಗುಂಡಿನ ಬದ್ಲಿ ವಿಭೂತಿ ಉಂಡಿ ಹಾಕತಿದ್ದ.”

“ಅದಕ್ಕ ಹಂದಿ ಓಡತಿದ್ದೂ ಏನ್ರಿ?”

“ಸಪ್ಪಳಕ್ಕ ಓಡತಿದ್ದೂ. ಒಮ್ಮಿ ಮಾತ್ರ ಉಂಡಿ ಒಂದು ಹಂದಿ ಹಣಿಗೇ ಬಡದು ಪುಡಿ ಆತು. ಮರುದಿನ ಅದ ಹಂದಿ ಬೆಳ್ಳನ ಹಣಿ ಹೊತ್ಗೊಂಡು ಮತ್ತ ಬಂತು ನೋಡ್ರಿ. ಅಪ್ಪ ಕೈ ಕೆಳಗಿಳಿಸಿದ. ‘ವಿಭೂತಿ ಹಚ್ಗೊಂಡು ಬಂದೈತಿ, ಇನ್ನ ಹೆಂಗ ಓಡಸ್ಲಿ? ಉಣ್ಣಲಿ ಬಿಡು’ ಅಂದ.”

ಅಜ್ಜ ನಗುತ್ತಲೇ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ರಿವಾಲ್ವರಿನ ಮೇಲಿದ್ದ ಚೆಂಡು ಹೂ ಸರಿಮಾಡಿದರು.

ಪಂಪು ನೀರೆತ್ತಿತು, ಊಟವೂ ಆಯಿತು. ಹೊರಡುವಾಗ ಅಜ್ಜ ನನ್ನ ಹಣೆಗೂ ಮೂರು ಬೆರಳಿನಿಂದ ವಿಭೂತಿ ಎಳೆದರು. ನಾನು ಚೀಲ ಕೆಳಗಿಟ್ಟು, ಆ ಹಂದಿಯ ಧೈರ್ಯದಲ್ಲೇ ಇನ್ನೊಂದು ರೊಟ್ಟಿ ಕೇಳಿದೆ.