ಹಳದಿ ಅನ್ನದ ಪಕ್ಕದಲ್ಲಿದ್ದ ಫೋನು

ವಿನಾರ್ಸಿಗೆ ಮೂಗಿನ ತುದಿಯಲ್ಲೇ ಕೋಪ, ಆದರೆ ಬಾಯಿ ಬಿಡುವವಳಲ್ಲ. ಸಿಟ್ಟು ಬಂದರೆ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಜಾವಾ ದ್ವೀಪದ ಸೋಲೊ ಊರಿನ ನಮ್ಮ ಓಣಿಯಲ್ಲಿ ಹತ್ತು ವರ್ಷ ಫೋನು ರಿಪೇರಿ ಮಾಡಿಕೊಂಡಿದ್ದವಳು, ಮೂವತ್ತು ದಾಟಿದ ಮೇಲೆ ತಾನೇ ಕೂತು ಪ್ರೋಗ್ರಾಂ ಬರೆಯುವುದನ್ನು ಕಲಿತಳು. ನಾನು ಪಾರ್ತಿನಾ, ಅವಳ ಜೊತೆ ಒಂದೇ ಮನೆಯಲ್ಲಿದ್ದು ಅವಳು ಬರೆದದ್ದನ್ನು ಒತ್ತಿ ನೋಡಿ ತಪ್ಪು ಹುಡುಕುವವಳು. ಅಡುಗೆಯೂ ನನ್ನದೇ. ಅವಳ ಕೈಯಡುಗೆ ಉಂಡವರು ಎರಡನೇ ಸಲ ಕೇಳಿದ್ದಿಲ್ಲ.

ಅವಳ ಆ್ಯಪ್ ಬಳಸುವವರು ಬರೀ ಐವತ್ತೆಂಟು ಜನ. ಎಲ್ಲರೂ ಕಣ್ಣು ಕಾಣದವರು, ಮೈ ನೀವಿ ಮಾಲೀಶು ಮಾಡಿ ಬದುಕುವವರು. ಗಿರಾಕಿ ಕರೆದರೆ ಹೆಸರು, ಓಣಿ, ಬರಬೇಕಾದ ಹೊತ್ತು ಎಲ್ಲವನ್ನೂ ಅದು ನಮ್ಮ ಜಾವಾ ಮಾತಿನಲ್ಲಿ ಗಟ್ಟಿಯಾಗಿ ಹೇಳುತ್ತದೆ. ಇವರು ಬಾಯಲ್ಲೇ ಒಪ್ಪಿಕೊಳ್ಳುತ್ತಾರೆ.

ಕಳೆದ ವರ್ಷ ಫೋನಿನ ಕಂಪನಿ ಹೊಸ ಆಪರೇಟಿಂಗ್ ಸಿಸ್ಟಮ್ ಬಿಟ್ಟ ದಿನ ಆ್ಯಪ್ ಮೂಕವಾಯಿತು. ಸರಿಪಡಿಸಲು ನಾಲ್ಕು ದಿನ ಹಿಡಿಯಿತು. ಆ ಐವತ್ತೆಂಟು ಜನರಲ್ಲಿ ಒಬ್ಬರಾದ, ನಾವೆಲ್ಲ ಪಾಕ್ದೆ, ಅಂದರೆ ದೊಡ್ಡಪ್ಪ, ಎಂದು ಕರೆಯುವ ತುಕಿಜೊ ಅವರ ಹಳೆಯ ಗಿರಾಕಿಗಳಿಬ್ಬರು ಅಷ್ಟರೊಳಗೆ ಬೇರೆಯವರ ಬಳಿ ಹೋದರು, ಮರಳಲಿಲ್ಲ. ಇನ್ನೊಮ್ಮೆ ಎರಡು ದಿನಕ್ಕಿಂತ ಹೆಚ್ಚು ಮೂಕವಾದರೆ ಈ ಆ್ಯಪ್ ಬೇಡವೇ ಬೇಡ ಎಂದು ಮಾಲೀಶಿನವರ ಸಂಘ ತೀರ್ಮಾನಿಸಿತು.

ಹಾಗಾಗದಿರಲು ಇದ್ದದ್ದು ಒಂದೇ ದಾರಿ. ಬಿಡುಗಡೆಗೆ ಮೊದಲೇ ಹೊಸ ಸಿಸ್ಟಮ್ ಕೈಗೆ ಸಿಗಬೇಕು. ಕಂಪನಿ ಪ್ರತಿ ವರ್ಷ ಕೆಲವೇ ಡೆವಲಪರುಗಳಿಗೆ ಅದನ್ನು ಪರೀಕ್ಷೆಯ ಫೋನಿನಲ್ಲಿ ಹಾಕಿ ಕೊಡುತ್ತದೆ, ಯಾರಿಗೂ ತೋರಿಸುವುದಿಲ್ಲ ಎಂದು ಸಹಿ ಹಾಕಿಸಿಕೊಂಡು. ವಿನಾರ್ಸಿ ಮೂರು ಸಲ ಅರ್ಜಿ ಹಾಕಿ ಸೋತಿದ್ದಳು. ಈ ಸಲ, ಬಿಡುಗಡೆಗೆ ಐದು ವಾರ ಇರುವಾಗ, ಫೋನು ಬಂತು.

ನಮ್ಮಲ್ಲಿ ಒಳ್ಳೆಯದಾದರೆ ಹಳದಿ ಅನ್ನವನ್ನು ಗೋಪುರದಂತೆ ಪೇರಿಸಿ ಓಣಿಯವರಿಗೆಲ್ಲ ಹಂಚಬೇಕು. ಹಂಚದವನು ಅದೃಷ್ಟವನ್ನು ಒಬ್ಬನೇ ನುಂಗಿದ ಹಾಗೆ.

"ಬೇಡ ಅಕ್ಕ, ಸಹಿ ಹಾಕಿದ್ದೀನಿ," ಎಂದಳು ವಿನಾರ್ಸಿ.

"ಅನ್ನ ಹಂಚಬೇಡ ಅಂತ ಸಹಿ ಹಾಕಿದ್ದೀಯಾ? ಯಾಕೆ ಅಂತ ಹೇಳೋದು ಬೇಡ, ಹೊಟ್ಟೆ ತುಂಬ ಹಾಕೋಣ."

ಅನ್ನ ಹಂಚುವ ಮೊದಲು ಪ್ರಾರ್ಥನೆ ಮಾಡಿಸಿದ ಹಿರಿಯರು ಯಾವುದರ ಸಲುವಾಗಿ ಎಂದು ಕೇಳಿದಾಗ ಅವಳು "ಒಂದು ಕೆಲಸ ಕೂಡಿ ಬಂತು" ಎಂದಷ್ಟೇ ಹೇಳಿದಳು. ಅವಳು ಜಾಣೆ. ನಾನು ದಡ್ಡಿ. ಅನ್ನದ ಗೋಪುರದ ಫೋಟೊ ತೆಗೆದು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಅದರ ಮೂಲೆಯಲ್ಲಿ, ಹುರಿದ ಟೆಂಪೆಯ, ಅಂದರೆ ಸೋಯಾ ಬಿಲ್ಲೆಗಳ, ತಟ್ಟೆಯ ಪಕ್ಕ, ಆ ಪರೀಕ್ಷೆಯ ಫೋನು ಚಾರ್ಜಿಗಿತ್ತು. ಪರದೆ ಬೆಳಗುತ್ತಿತ್ತು.

ಹನ್ನೆರಡನೇ ದಿನಕ್ಕೆ ಆ ಫೋಟೊ ಎಲ್ಲೆಲ್ಲೋ ಸುತ್ತಿ, ಹೊಸ ಪರದೆ ಹೀಗಿದೆಯಂತೆ ಎಂದು ಪರದೇಶದ ಸುದ್ದಿತಾಣಗಳಿಗೆ ಏರಿತ್ತು. ಪರದೆಯ ಮೂಲೆಯಲ್ಲಿ ಪ್ರತಿ ಫೋನಿಗೂ ಬೇರೆ ಬೇರೆ ಸಂಖ್ಯೆ ಇರುತ್ತದೆಂದು ನಮಗೆ ತಿಳಿದದ್ದು ಕಂಪನಿಯ ಪತ್ರ ಬಂದಾಗಲೇ. ಇದು ನಿಮ್ಮಿಂದ ಹೊರಬಿತ್ತೇ, ನಾಳೆಯೊಳಗೆ ಉತ್ತರಿಸಿ ಎಂದಿತ್ತು ಅದರಲ್ಲಿ.

ನಾನು ಆ ಪತ್ರವನ್ನು ಎರಡು ಸಲ ಓದಿದೆ. "ಕಳುವಾಗಿತ್ತು ಅಂತ ಬರಿ ವಿನ್. ಯಾರು ಬಂದು ನೋಡ್ತಾರೆ?"

ಅವಳು ಬಾಣಲೆ ತಿಕ್ಕುತ್ತಿದ್ದಳು. "ಕಳುವಾದ ಫೋನು ನಮ್ಮನೆ ಅನ್ನದ ಪಕ್ಕ ಕೂತಿತ್ತಾ?"

"ಹಾಗಾದ್ರೆ ನನ್ನ ಹೆಸರು ಬರಿ. ಮಾಡಿದ್ದು ನಾನು."

"ಸಹಿ ನಂದು. ನೀನು ಸುಮ್ನೆ ಕೂತ್ಕೊ."

"ಫೋನು ನನ್ನದು, ಮನೆ ನನ್ನದು, ಎಚ್ಚರ ವಹಿಸದವಳು ನಾನು" ಎಂದು ವಿನಾರ್ಸಿ ಬರೆದು ಕಳಿಸಿದಳು. ಅದರ ಮರುದಿನ ನಾವು ನೋಡುತ್ತಿದ್ದಂತೆಯೇ ಕಂಪನಿ ದೂರದಿಂದಲೇ ಹಾಕಿದ ಬೀಗ ಬಿದ್ದು ಪರೀಕ್ಷೆಯ ಫೋನು ಕಪ್ಪಾಯಿತು. ಅರ್ಧ ಕೆಲಸ ಉಳಿದಿತ್ತು. ಉಳಿದರ್ಧವನ್ನು ಅವಳು ಕುರುಡಾಗಿ, ಊಹೆಯ ಮೇಲೆ ಬರೆದಳು. ಆ ಮೂರು ವಾರ ನಾನು ಮಾಡಿದ ಅಡುಗೆಯಲ್ಲಿ ಒಂದು ದಿನವೂ ಉಪ್ಪು ಸರಿಯಿರಲಿಲ್ಲ, ಅವಳು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಯಾರೂ ಹೊಸ ಸಿಸ್ಟಮ್ ಹಾಕಿಕೊಳ್ಳಬೇಡಿ ಎಂದು ಎಲ್ಲರಿಗೂ ಹೇಳಿದ್ದೆವು. ಆದರೂ ಬಿಡುಗಡೆಯಾದ ಬೆಳಿಗ್ಗೆ, ಚಾರ್ಜಿಗೆ ಹಾಕಿದಲ್ಲೇ ತಾವಾಗಿಯೇ ಅದನ್ನು ಹಾಕಿಕೊಂಡು, ವಿನಾರ್ಸಿಯ ಊಹೆ ಎಲ್ಲೋ ತಪ್ಪಿ, ಹದಿನೇಳು ಫೋನು ಮೂಕವಾಗಿದ್ದವು. ಹದಿನಾರು ಜನಕ್ಕೆ ಓದಿ ಹೇಳಲು ಮನೆಯವರಿದ್ದರು. ಪಾಕ್ದೆ ತುಕಿಜೊ ಒಂಟಿ. ವಿನಾರ್ಸಿ ಕಂಪ್ಯೂಟರಿನ ಮುಂದೆ ಕೂತಳು, ನಾನು ಅವರ ಮನೆಗೆ ಓಡಿದೆ.

ಫೋನು ಗುಯ್‌ಗುಟ್ಟಿದಾಗಲೆಲ್ಲ ಪರದೆ ನೋಡಿ ಹೆಸರು, ಓಣಿ, ಹೊತ್ತು ಹೇಳಿದೆ. ಅವರು ಗಿರಾಕಿಯ ಮನೆಗೆ ಹೋದರೆ ಹಿಂದೆಯೇ ಹೋಗಿ ಜಗಲಿಯಲ್ಲಿ ಫೋನು ಹಿಡಿದು ಕೂತೆ.

"ನಿನ್ನ ದನಿ ಕರಕರ ಅನ್ನುತ್ತಮ್ಮ. ಪೆಟ್ಟಿಗೆಯೊಳಗಿನವಳೇ ವಾಸಿ," ಎಂದರು ಪಾಕ್ದೆ.

ಎರಡನೇ ದಿನ ತಡೆಯಲಾಗಲಿಲ್ಲ. "ಪಾಕ್ದೆ, ಆ ಫೋಟೊ ತೆಗೆದದ್ದು ನಾನು."

"ಗೊತ್ತು."

"ವಿನ್ ಹೇಳಿದ್ಲಾ?"

"ಅವಳೆಲ್ಲಿ ಬಾಯಿ ಬಿಡ್ತಾಳೆ? ಎರಡು ದಿನದಿಂದ ಬಿಟ್ಟಿ ಯಾರು ಬಂದು ಕೂರ್ತಾರೆ, ನೀನೇ ಹೇಳು."

ಸಂಘದವರು ಕೊಟ್ಟ ಗಡುವು ಅಂದು ಸಂಜೆಗೆ ಮುಗಿಯುತ್ತಿತ್ತು. ಮಧ್ಯಾಹ್ನ ಒಂದಕ್ಕೆ ವಿನಾರ್ಸಿ ತಿದ್ದಿದ ಆ್ಯಪ್ ಕಳಿಸಿದಳು. ಹಾಕಿದೆ, ಮೂಕ. ಮೂರಕ್ಕೆ ಇನ್ನೊಂದು ಕಳಿಸಿದಳು. ಅದನ್ನೂ ಹಾಕಿ ಫೋನನ್ನು ಚಾಪೆಯ ಮೇಲೆ ಇಟ್ಟೆ. ಯಾರೂ ಕರೆಯಲಿಲ್ಲ. ಪಾಕ್ದೆ ಎಣ್ಣೆ ಬಾಟಲಿಯನ್ನು ಒರೆಸಿದರು, ಇಟ್ಟರು, ಮತ್ತೆ ಒರೆಸಿದರು.

ನಾಲ್ಕೂವರೆಗೆ ಫೋನು ನಡುಗಿತು. ಪರದೆಯ ಮೇಲೆ ಹೆಸರು ಬಂತು. ಹೇಳಲು ಬಾಯಿ ತೆರೆದೆ. ಪಾಕ್ದೆ ಕೈ ಎತ್ತಿ ನನ್ನನ್ನು ತಡೆದರು. ಚಾಪೆಯ ಮೇಲಿಂದ ಫೋನು ತಾನೇ ಹೆಸರು ಹೇಳಿತು, ಓಣಿ ಹೇಳಿತು, ಸಂಜೆ ಆರಕ್ಕೆ ಎಂದಿತು.

"ಬರ್ತೀನಿ," ಎಂದು ಅವರು ಅದಕ್ಕೆ ಉತ್ತರ ಕೊಟ್ಟರು. ಆಮೇಲೆ ನನ್ನ ಕಡೆ ಮುಖ ತಿರುಗಿಸಿ, "ನೀನಿನ್ನು ಮನೆಗೆ ಹೋಗಮ್ಮ," ಎಂದರು.