ಬ್ಯಾಟರಿ ಬಿಚ್ಚುವ ಮೊದಲು ತೆಗೆಯಬೇಕಾದದ್ದು

ನನ್ನ ಗಂಡ ಈ ಪರದೇಶದಲ್ಲಿ, ಟುವಾಸ್ ಎಂಬಲ್ಲಿನ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಬೆಳಗಿನ ಪಾಳಿಗೆ ಬರುವವರ ಮುಂದೆ ತಟ್ಟೆ ಹಿಡಿದು ನಿಲ್ಲುವುದು ಇವರ ಕೆಲಸ. ಉಂಗುರ, ಕಡಗ, ಸರ, ವಾಚು ಎಲ್ಲ ಅದರೊಳಗೆ ಬೀಳಬೇಕು. ಮದುವೆ ಉಂಗುರ ತೆಗೆಯಲ್ಲ ಎಂದು ಯಾರಾದರೂ ಹಟ ಹಿಡಿದರೆ ಇವರದೊಂದು ಡೈಲಾಗ್ ಇದೆ: "ಜೀವಕ್ಕಿಂತ ಇದು ದೊಡ್ಡದಾ?" ಮನೆಯಲ್ಲೂ ಅದನ್ನು ಉಪ್ಪಿನಕಾಯಿಯಂತೆ ದಿನಾ ಬಡಿಸುತ್ತಾರೆ.

ಅಂಥ ಮಹಾನುಭಾವರು ಒಂದು ಶನಿವಾರ ವುಡ್‌ಲ್ಯಾಂಡ್ಸ್‌ನ ನಮ್ಮ ಬ್ಲಾಕಿನ ಕಾರ್‌ಪಾರ್ಕಿನಲ್ಲಿ ಬಾನೆಟ್ ಎತ್ತಿ ನಿಂತರು. ಎರಡು ದಿನದಿಂದ ಕಾರು ಟಕ್ ಟಕ್ ಎಂದು ಸುಮ್ಮನಾಗುತ್ತಿತ್ತು. ಮೆಕ್ಯಾನಿಕ್‌ನನ್ನು ಕರೆದರೆ ಮರ್ಯಾದೆ ಹೋಗುತ್ತದಂತೆ! ಹೊಸ ಬ್ಯಾಟರಿ ತಾವೇ ಹೊತ್ತು ತಂದಿದ್ದರು, ಸ್ಪ್ಯಾನರ್ ಪಕ್ಕದ ಮನೆಯ ಅಂಕಲ್‌ದು. ಬೆರಳಲ್ಲಿ ನಮ್ಮಪ್ಪ ಮದುವೆಯಲ್ಲಿ ತೊಡಿಸಿದ ಉಂಗುರ.

"ರೀ, ಉಂಗುರ?" ಎಂದೆ.

"ಹನ್ನೆರಡು ವೋಲ್ಟ್ ಕಣೇ, ಶಾಕ್ ಹೊಡೆಯಲ್ಲ."

"ಶಾಕ್ ಹೊಡೆಯಲ್ಲ, ಸುಡುತ್ತೆ" ಎಂದಳು ನಮ್ಮ ಮಗಳು, ಫೋನ್ ನೋಡುತ್ತಾ. ಇಲ್ಲೇ ಹುಟ್ಟಿ ಬೆಳೆದವಳು, ಇಲ್ಲಿಯವರಂತೆ ಮಾತಿಗೊಂದು 'ಲಾ' ಸೇರಿಸುತ್ತಾಳೆ, ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಾಳೆ. "ಪ್ಲಸ್‌ಗೂ ಕಾರ್ ಬಾಡಿಗೂ ಮಧ್ಯೆ ರಿಂಗ್ ಸಿಕ್ಕಾಕೊಂಡ್ರೆ ಫಿಂಗರ್ ಗಾನ್ ಲಾ, ಅಪ್ಪ. ಫಸ್ಟ್ ಮೈನಸ್ ಬಿಚ್ಚಬೇಕು. ಮೈ ಮೇಲೆ ಮೆಟಲ್ ಇರಬಾರದು."

ಇವರು ಕೇಳಿಸಿಕೊಂಡರೆ ತಾನೆ! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನಾನು ಬಿಡಲಿಲ್ಲ. "ಊರವರ ಬೆರಳೆಲ್ಲ ಕಾಯ್ತೀರಿ. ಇದು ಸುಟ್ಟು ಹೋದ್ರೆ ಸೋಮವಾರ ಯಾವ ಕೈಲಿ ತಟ್ಟೆ ಹಿಡೀತೀರಿ?" ಎಂದು ರೇಗಿ, ಮನೆಗೆ ಹೋಗಿ ಪಾತ್ರೆ ತೊಳೆಯುವ ಸೋಪೂ ಒಂದು ಸ್ಟೀಲ್ ತಟ್ಟೆಯೂ ತಂದೆ. ಬೆರಳಿಗೆ ಸೋಪು ಸುರಿದು ತಿರುಚಿ ಎಳೆದೆ. ಉಂಗುರ ಟಣ್ ಎಂದು ತಟ್ಟೆಗೆ ಬಿತ್ತು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

"ಅಮ್ಮ, ನೀನೂ ಚೈನ್ ರಿಮೂವ್ ಮಾಡು" ಎಂದಳು ಮಗಳು.

"ಚೈನ್ ಅಲ್ಲ, ತಾಳಿ. ಬಿಡ್ತು ಅನ್ನು!"

ಹೆರಿಗೆಯಲ್ಲೂ ಅದನ್ನು ತೆಗೆದವಳಲ್ಲ ನಾನು. ತೆಗೆದರೆ ಗಂಡನ ಆಯಸ್ಸಿಗೆ ಕುತ್ತು ಎಂದು ಅಮ್ಮ ಹೇಳಿದ್ದಳು. ಆಯಸ್ಸು ಬೇಕಾದವರು ಎದುರಿಗೇ ಮೈನಸ್ ನಟ್ಟಿನ ಜೊತೆ ಗುದ್ದಾಡುತ್ತಿದ್ದರು. ಅವಸರಕ್ಕೆ ಪ್ಲಸ್ಸಿನ ಕೆಂಪು ಮುಚ್ಚಳವನ್ನೂ ಆಗಲೇ ತೆಗೆದಿಟ್ಟಿದ್ದರು.

"ಏನೂ ಕಾಣಿಸ್ತಿಲ್ಲ, ಟಾರ್ಚ್ ಹತ್ತಿರ ತಾ" ಎಂದರು.

ಫೋನಿನ ಟಾರ್ಚ್ ಹಿಡಿದು ಬಗ್ಗಿದೆ. ಕುರ್ತಾದೊಳಗಿಂದ ತಾಳಿ ಸರ ಜಾರಿ, ಪ್ಲಸ್ಸಿನ ಮೇಲೂ ಬ್ಯಾಟರಿ ಬಿಗಿದಿದ್ದ ಕಬ್ಬಿಣದ ಪಟ್ಟಿಯ ಮೇಲೂ ಒಟ್ಟಿಗೆ ಬಿತ್ತು. ಚಟ್ ಎಂದು ಕಿಡಿ ಹಾರಿತು. ಕತ್ತಿಗೆ ಕಾದ ಸೌಟಿನಿಂದ ಬರೆ ಎಳೆದಂತಾಯಿತು, ಕಿಟಾರನೆ ಕಿರುಚಿದೆ. ಇವರು ಬರಿಗೈಯಲ್ಲೇ ಸರ ಹಿಡಿದು ಜಗ್ಗಿ ಹರಿದರು. ನಾನು ಅಷ್ಟು ಜಗಳವಾಡಿ ಉಳಿಸಿದ್ದ ಬೆರಳುಗಳಲ್ಲೇ ಬೊಬ್ಬೆ ಎದ್ದವು.

ಮನೆಯಲ್ಲಿ ಇಬ್ಬರೂ ನಲ್ಲಿ ನೀರಿನ ಕೆಳಗೆ ನಿಂತೆವು, ಒಬ್ಬರ ಕತ್ತು, ಒಬ್ಬರ ಕೈ. ಆ ಡೈಲಾಗ್ ಈಗ ಬಂತು, ಆಗ ಬಂತು ಎಂದು ಕಾದೆ. ಬರಲಿಲ್ಲ.

"ಹೇಳಿಬಿಡಿ, ಹೊಟ್ಟೆಯಲ್ಲಿ ಇಟ್ಕೋಬೇಡಿ" ಎಂದೆ.

ಇವರು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಡಕಿ ಒಂದು ಅರಿಶಿನದ ಕೊಂಬು ಹುಡುಕಿ ತಂದರು. ಅದನ್ನು ದಾರಕ್ಕೆ ಕಟ್ಟಿ, ಸುಟ್ಟ ಜಾಗ ತಪ್ಪಿಸಿ ನನ್ನ ಕೊರಳಿಗೆ ಹಾಕಿದರು. ಸೇಫ್ಟಿ ಆಫೀಸರ್ ಹೆಂಡತಿಯ ಕೊರಳು ಬರಿದಾಗಿರಬಾರದಂತೆ. ನಗು ಬಂತು, ಅಳುವೂ ಬಂತು.

ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದು ಮತ್ತೆ ಕಾರ್‌ಪಾರ್ಕಿಗೆ ಇಳಿದೆವು. ಸ್ಪ್ಯಾನರ್ ಈಗ ಮಗಳ ಕೈಯಲ್ಲಿ. ಇವರು ಅಭ್ಯಾಸಬಲದಿಂದಲೋ ಏನೋ ಆ ಸ್ಟೀಲ್ ತಟ್ಟೆ ಹಿಡಿದು ನಿಂತಿದ್ದರು. ನಾನು ಕೊರಳಿನ ದಾರ ಬಿಚ್ಚಿದೆ.

"ದಾರದಲ್ಲಿ ಕರೆಂಟ್ ಪಾಸ್ ಆಗಲ್ಲ ಲಾ, ಅಮ್ಮ" ಎಂದಳು ಮಗಳು.

"ಗೊತ್ತು" ಎಂದು, ತಟ್ಟೆಯಲ್ಲಿ ಇವರ ಉಂಗುರದ ಪಕ್ಕ ಅದನ್ನು ಇಟ್ಟೆ.